ಮಧ್ಯಾಹ್ನವೇ ಬರೆದಿಟ್ಟ ಮಹಜರು

ಮಹಜರಿಗೆ ಐದು ಹಾಳೆ, ನಡುವೆ ನಾಲ್ಕು ಕಾರ್ಬನ್. ಎಷ್ಟು ಒತ್ತಿ ಬರೆದರೂ ಐದನೆಯ ಪ್ರತಿ ಮಸುಕಾಗಿಯೇ ಬರುತ್ತಿತ್ತು. ಆರೋಪಿಗೆ ಕೊಡುತ್ತಿದ್ದುದು ಆ ಐದನೆಯ ಪ್ರತಿಯನ್ನೇ. ಕಾಪಿಯಿಂಗ್ ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿ ಬರೆಯುವ ಅಭ್ಯಾಸದಿಂದ ನನ್ನ ಕೆಳತುಟಿಯ ಮೇಲೆ ನೇರಳೆ ಕಲೆಯೊಂದು ಹಲವು ವರ್ಷ ಉಳಿದಿತ್ತು.

ನಾನು ಬೆಂಗಳೂರಿನ ದಂಡಿನ, ಎಂದರೆ ಕಂಟೋನ್ಮೆಂಟಿನ, ಒಂದು ಠಾಣೆಯಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದರೆ ಠಾಣೆಯ ಕಾಗದಪತ್ರಗಳನ್ನು ಬರೆಯುವ ಹೆಡ್ ಕಾನ್ಸ್‌ಟೇಬಲ್. ಕೆ.ಆರ್. ಪುರದ ಆಚೆ ರಾಗಿ ಬೆಳೆಯುತ್ತಿದ್ದ ಮನೆಯಿಂದ ಬಂದವನು. ಎಸ್ಸೆಸ್ಸೆಲ್ಸಿ ಪಾಸಾಗಿತ್ತು, ಅಕ್ಷರ ದುಂಡಗಿತ್ತು. ಅಷ್ಟರಿಂದಲೇ ಅರವತ್ತರ ದಶಕದ ಮೊದಲಲ್ಲಿ ನನ್ನನ್ನು ಬೀಟಿನಿಂದ ತೆಗೆದು ಮೇಜಿನ ಮುಂದೆ ಕೂರಿಸಿದರು. ಈಗ ಈ ಕೆಲಸಕ್ಕೆ ಬರುವ ಹುಡುಗರು ಇದನ್ನು ಕಡಿಮೆ ದರ್ಜೆಯ ಕೆಲಸವೆಂದು ತಿಳಿಯುತ್ತಾರೆಂದು ಕೇಳಿದ್ದೇನೆ. ಅದು ತಪ್ಪು. ಲಾಠಿಯ ಪೆಟ್ಟು ಕೆಲವು ದಿನಕ್ಕೆ ಮಾಯುತ್ತದೆ. ರೈಟರ್ ಬರೆದದ್ದು ಹಾಗೆ ಮಾಯುವುದಿಲ್ಲ.

ಮೊದಲು ನನ್ನ ಒಂದು ಪ್ರಮಾದವನ್ನು ಹೇಳಬೇಕು. ಮುಂದಿನದೆಲ್ಲ ಅದರಿಂದಲೇ ಆಯಿತು.

ದಾಳಿಗೆ ಹೋಗುವ ಮೊದಲೇ ಮಹಜರನ್ನು ಠಾಣೆಯಲ್ಲಿ ಬರೆದಿಡುವ ರೂಢಿ ಆಗ ಇತ್ತು. ಮಹಜರು ಎಂದರೆ ಸ್ಥಳದಲ್ಲಿ ಕಂಡದ್ದನ್ನು ಪಂಚರೆಂಬ ಇಬ್ಬರು ಸಾಕ್ಷಿಗಳ ಎದುರು ಅಲ್ಲೇ ಕೂತು ಬರೆಯಬೇಕಾದ ಕಾಗದ. ಆದರೆ ಗಲಾಟೆಯ ನಡುವೆ, ಮಂದ ದೀಪದಲ್ಲಿ, ಐದು ಪ್ರತಿ ಬರೆಯುವುದು ಆಗದ ಮಾತು. ಹೀಗಾಗಿ ಮಾಹಿತಿ ಬಂದ ಕೂಡಲೇ ನಾನು ಠಾಣೆಯಲ್ಲೇ ಬರೆದು, ಹೊತ್ತು, ಸಂಖ್ಯೆ ಇಂಥವಕ್ಕೆ ಜಾಗ ಬಿಟ್ಟು ಕೊಡುತ್ತಿದ್ದೆ. ಸಾಹೇಬರು ಚೀಲದಲ್ಲಿಟ್ಟುಕೊಂಡು ಹೋಗಿ ಅಲ್ಲಿ ಸಹಿ ಹಾಕಿಸಿಕೊಂಡು ಬರುತ್ತಿದ್ದರು. ಕಳ್ಳಬಟ್ಟಿಯ ಒಂದು ಕೇಸಿನಲ್ಲಿ ಬಾಟಲಿಗಳ ಸಂಖ್ಯೆಯನ್ನು ಆಮೇಲೆ ತುಂಬಿದೆ. ಕಾರ್ಬನ್ ಇಡಲು ಮರೆತೆ. ಕೋರ್ಟಿನಲ್ಲಿ ಆರೋಪಿಯ ಪರ ಎದ್ದು ನಿಂತ ಮುದಿ ವಕೀಲರು ತಮ್ಮ ಕಡೆಯ ಪ್ರತಿಯನ್ನು ನಿಧಾನವಾಗಿ ಓದಿದರು. ಸಂಖ್ಯೆ ಇರಬೇಕಾದ ಕಡೆ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, "ಖಾಲಿ ಜಾಗ ಬಾಟಲಿಗಳು, ಸ್ವಾಮಿ" ಎಂದರು. ಮ್ಯಾಜಿಸ್ಟ್ರೇಟರೇ ನಕ್ಕರು. ಕೇಸು ಬಿದ್ದುಹೋಯಿತು. ನನಗೆ ಮೂರು ವಾರ ಬೆಳಗಿನ ಶಿಕ್ಷಾ ಡ್ರಿಲ್ ಆಯಿತು.

ಆ ಮೈದಾನದಲ್ಲಿ ಬಂದೂಕು ಎತ್ತಿಕೊಂಡು ಓಡುತ್ತಾ ನಾನು ಕಲಿತ ಪಾಠ ಒಂದೇ: ಇನ್ನು ಮುಂದೆ ಸಂಖ್ಯೆಗೆ ಜಾಗ ಬಿಡಬಾರದು, ಮೊದಲೇ ತಿಳಿದುಕೊಂಡು ಬರೆದುಬಿಡಬೇಕು. ದಾಳಿಗೆ ಮೊದಲೇ ಮಹಜರು ಬರೆಯಬಾರದು ಎಂಬ ಪಾಠವನ್ನು ನಾನು ಕಲಿಯಲಿಲ್ಲ. ಅದನ್ನು ಕಲಿಸುವವರೂ ಇರಲಿಲ್ಲ.

ಪಂಚರ ವಿಷಯವೂ ಹೀಗೆಯೇ. ಶಿವಾಜಿನಗರದ ಸೈಕಲ್ ಅಂಗಡಿಯ ಬಾಷಾ ನಮ್ಮ ಖಾಯಂ ಪಂಚ. ಎಷ್ಟು ಮಹಜರಿಗೆ ಸಹಿ ಹಾಕಿದ್ದನೋ ಅವನಿಗೂ ತಿಳಿಯದು. ಅವನ ಅಂಗಡಿ ಫುಟ್‌ಪಾತಿನ ಮೇಲಿತ್ತು. ನಾವು ಅದನ್ನು ನೋಡಿಯೂ ನೋಡದಂತೆ ಇರುತ್ತಿದ್ದೆವು. ಒಮ್ಮೆ ಒಂದು ಮಹಜರನ್ನು ಓದಿಸಿಕೊಂಡು ಕೇಳಿ, "ನಾನ್ ಹೊರಗೆ ಸೈಕಲ್ ಹಿಡ್ಕೊಂಡು ನಿಂತಿದ್ದೆ ಸಾಬ್. ಆದ್ರೂ ನೀವ್ ಬರ್ದಿದ್ದು ಕೇಳಿದ್ರೆ ಒಳಗೆ ಹೋಗ್ದೆ ಇದ್ದಿದ್ದೇ ಲುಕ್ಸಾನು ಅನ್ಸುತ್ತೆ" ಎಂದ. ಠಾಣೆಯವರೆಲ್ಲ ನಕ್ಕೆವು. ನಾನೂ ನಕ್ಕೆ.

ಆ ದಿನಗಳಲ್ಲಿ ದಂಡಿನ ಕಡೆ ಡ್ಯಾನ್ಸ್ ಇದ್ದ ಹೋಟೆಲುಗಳು ಕೆಲವಿದ್ದವು. ಕ್ಯಾಬರೆ ಎನ್ನುತ್ತಿದ್ದರು. ಲೈಸೆನ್ಸಿನ ತಪಾಸಣೆಗೆ ನಾನು ಹೋಗುತ್ತಿದ್ದುದು ಹಗಲಿನಲ್ಲಿ. ಹಗಲು ಕಂಡವರಿಗೆ ಅದರಲ್ಲಿ ಬೆರಗೇನೂ ಉಳಿಯುತ್ತಿರಲಿಲ್ಲ. ಕುರ್ಚಿಗಳನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟಿರುತ್ತಿದ್ದರು. ಕುಣಿಯುವ ಕಟ್ಟೆಯ ಮೇಲೆ ಅಡಿಗೆಯವನು ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ. ಕುಣಿಯುವ ಹೆಂಗಸರು ಎಣ್ಣೆ ಹಚ್ಚಿದ ತಲೆಯಲ್ಲಿ, ಹಳೆಯ ಸೀರೆಯಲ್ಲಿ ಬಂದು, ಲೈಸೆನ್ಸಿನ ಪಟ್ಟಿಗೆ ಅಂಟಿಸಿದ ಫೋಟೋದ ಪಕ್ಕ ಸಹಿ ಮಾಡಿ ಹೋಗುತ್ತಿದ್ದರು. ಕೋಲಾರದ ಚಿನ್ನದ ಗಣಿಯ ಕಡೆಯವರು, ಮರ್ಫಿ ಟೌನಿನವರು, ಮದರಾಸಿನಿಂದ ಬಂದವರು. ಯಾರು, ಎಲ್ಲಿಯವರು, ಎಷ್ಟು ಹೊತ್ತಿಗೆ ಮನೆಗೆ ಹೋಗುತ್ತಾರೆ, ಎಲ್ಲವೂ ಆ ಪಟ್ಟಿಯಲ್ಲಿರುತ್ತಿತ್ತು.

ಎಪ್ಪತ್ತರ ದಶಕ ಶುರುವಾದ ಮೇಲೆ ಮೇಲಿನಿಂದ ಆಜ್ಞೆ ಬಂತು. ಪತ್ರಿಕೆಗಳಲ್ಲಿ ಬರೆದಿದ್ದರು, ಸಭೆಗಳಲ್ಲಿ ಮಾತಾಡಿದ್ದರು, ಊರಿನ ಮರ್ಯಾದೆ ಹೋಗುತ್ತಿದೆ ಎಂದಿದ್ದರು. ಪ್ರತಿ ಠಾಣೆಯೂ ಕೇಸು ತೋರಿಸಬೇಕು ಎಂದಾಯಿತು. ನಮ್ಮ ಇನ್‌ಸ್ಪೆಕ್ಟರು ಕೆಟ್ಟ ಮನುಷ್ಯರಲ್ಲ. ಯಾರ ಮೇಲೂ ಕೈ ಮಾಡಿದವರಲ್ಲ, ಶನಿವಾರ ಒಪ್ಪೊತ್ತು ಇರುತ್ತಿದ್ದರು. ಅವರ ಹೆಸರು ಬರೆಯುವುದಿಲ್ಲ, ಮಕ್ಕಳು, ಮೊಮ್ಮಕ್ಕಳಿದ್ದಾರೆ. ಒಂದು ಶನಿವಾರ ಬೆಳಿಗ್ಗೆ ನನ್ನನ್ನು ಕರೆದು, ಸಂಜೆ ಆರೂವರೆಯ ಆಟಕ್ಕೆ ಹಲಸೂರು ರಸ್ತೆಯ ಕಡೆಯ ಮಹಡಿ ಹೋಟೆಲಿಗೆ ಹೋಗುವುದಾಗಿ ಹೇಳಿದರು.

ಊಟದ ಮೊದಲು ನಾನು ಮಹಜರು ಬರೆದೆ. ಲೈಸೆನ್ಸಿನ ಪಟ್ಟಿಯಲ್ಲಿ ಐದು ಹೆಸರಿದ್ದವು. 'ಐದು ಜನ ಹೆಂಗಸರು ಅರೆಬರೆ ಉಡುಪಿನಲ್ಲಿ ಸಾರ್ವಜನಿಕರ ಎದುರು ಅಶ್ಲೀಲವಾಗಿ ಕುಣಿಯುತ್ತಿದ್ದುದನ್ನು ಕಂಡು' ಎಂದು ಬರೆದೆ. ಐದು ಎಂಬುದನ್ನು ಅಕ್ಷರದಲ್ಲೂ ಅಂಕಿಯಲ್ಲೂ ಬರೆದೆ. ಹೆಸರುಗಳನ್ನು ಬೇರೆ ಹಾಳೆಯಲ್ಲಿ ಆಮೇಲೆ ಬರೆಯುವುದಿತ್ತು. ಕೆಳಗೆ 'ಸ್ಥಳದಲ್ಲೇ ಬರೆದುಕೊಂಡವನು' ಎಂದು ನನ್ನ ಸಹಿ. ನಾನು ಸ್ಥಳಕ್ಕೆ ಹೋಗಲಿಲ್ಲ.

ರಾತ್ರಿ ಎಂಟರ ಹೊತ್ತಿಗೆ ವ್ಯಾನು ಬಂತು. ಇಳಿದವರು ಐದು ಹೆಂಗಸರು. ನಾಲ್ವರು ಕುಣಿಯುವ ಉಡುಪಿನ ಮೇಲೆ ಹೋಟೆಲಿನ ಮೇಜುಬಟ್ಟೆಗಳನ್ನು ಹೊದ್ದುಕೊಂಡಿದ್ದರು. ಐದನೆಯವರು ಸೀರೆಯಲ್ಲಿದ್ದರು. ಕೊರಳಿನ ಸುತ್ತ ಅಳತೆಯ ಟೇಪು ಇತ್ತು. ಪಟ್ಟಿಯಲ್ಲಿದ್ದ ಲೂಸಿ ಎಂಬಾಕೆ ಕಾಯಿಲೆಯ ತಂದೆಯನ್ನು ನೋಡಲು ಎರಡು ದಿನದ ಹಿಂದೆಯೇ ಚಿನ್ನದ ಗಣಿಗೆ ಹೋಗಿದ್ದಳು. ಕಟ್ಟೆಯ ಹಿಂದಿನ ಕೋಣೆಯಲ್ಲಿ ಹರಿದ ಉಡುಪನ್ನು ಹೊಲಿಯುತ್ತಾ ಕೂತಿದ್ದ ಹೆಂಗಸನ್ನು ಅವಳ ಬದಲು ಕರೆತಂದಿದ್ದರು.

ಆಕೆಯ ಹೆಸರು ಆರೋಗ್ಯಮ್ಮ. ಮರ್ಫಿ ಟೌನಿನಲ್ಲಿ ತಾಯಿಯ ಜೊತೆ ಇದ್ದರು, ಗಂಡ ತೀರಿಹೋಗಿದ್ದ. ಹಗಲು ಹಲಸೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರ್. ಏಳು ವರ್ಷದಿಂದ ತಾತ್ಕಾಲಿಕ. ಆ ಜೂನಿನಲ್ಲಿ ಖಾಯಂ ಮಾಡುವುದಾಗಿ ಶಾಲೆಯವರು ಹೇಳಿದ್ದರು. ಶನಿವಾರ ಭಾನುವಾರ ಸಂಜೆ ಹೋಟೆಲಿನ ಉಡುಪುಗಳಿಗೆ ಜರಿ, ಮಣಿ ಹೊಲಿದುಕೊಡುತ್ತಿದ್ದರು. ಇದಿಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ, ಕೊನೆಗೆ "ಸ್ಕೂಲಿಗೆ ಮಾತ್ರ ಗೊತ್ತಾಗ್ಬಾರ್ದು ಸಾರ್" ಎಂದರು.

ನಾನು ಒಳಗೆ ಹೋಗಿ ಇನ್‌ಸ್ಪೆಕ್ಟರಿಗೆ ತಿಳಿಸಿದೆ. ಅವರಿಗೆ ತಿಳಿದೇ ಇತ್ತು.

"ಐದು ಅಂತ ಬರೆದಿರೋನು ಯಾರಯ್ಯಾ?" ಎಂದರು.

"ನಾನೇ ಸಾರ್. ಪಟ್ಟಿ ನೋಡಿ ಬರೆದೆ. ಬೇರೆ ಬರೆದುಕೊಡ್ತೀನಿ, ಅರ್ಧ ಗಂಟೆ ಸಾಕು."

"ಪಂಚರು ಸಹಿ ಹಾಕಿ ಆಯ್ತು. ಅಷ್ಟು ಜನರ ಮುಂದೆ ಓದಿಯೂ ಆಯ್ತು. ಈಗ ನಾಲ್ಕು ಅಂತ ತಿದ್ದಿದ್ರೆ ಮೇಲಿನವರು ಏನಂತಾರೆ? ಒಬ್ಬಳನ್ನ ಬಿಟ್ಟು ಕಳಿಸಿದ್ರು ಅಂತಾರೆ, ಯಾಕೆ ಬಿಟ್ರು ಅಂತಾರೆ." ಆಮೇಲೆ ಮೆಲ್ಲಗೆ ಹೇಳಿದರು: "ಎಲ್ಲರ ಜೊತೆ ತಪ್ಪೊಪ್ಪಿಕೊಂಡು ಫೈನ್ ಕಟ್ಟಿ ಹೋಗ್ತಾಳೆ ಬಿಡು. ಒಂದು ದಿನದ ಕೆಲಸ."

ಅಂಗಶೋಧನೆಯ ರಿಜಿಸ್ಟರಿನಲ್ಲಿ ಆಕೆಯ ಹೆಸರಿನ ಮುಂದೆ ಸಿಕ್ಕ ವಸ್ತುಗಳನ್ನು ನಾನು ಬಿಡದೆ ಬರೆದೆ: ಕತ್ತರಿ ಒಂದು, ಅಳತೆ ಟೇಪು ಒಂದು, ಸೂಜಿಯ ಪೊಟ್ಟಣ ಒಂದು, ಬಣ್ಣದ ದಾರದ ಉಂಡೆ ಆರು. ಯಾರಾದರೂ ವಕೀಲರು ಆ ರಿಜಿಸ್ಟರನ್ನು ತರಿಸಿದರೆ ನಾನು ಬಾಯಿ ಬಿಡದೆಯೇ ನಿಜ ಹೊರಬೀಳುತ್ತದೆ ಎಂದುಕೊಂಡೆ. ಅದೊಂದು ಒಳ್ಳೆಯ ಕೆಲಸ ಮಾಡಿದೆನೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆ ರಿಜಿಸ್ಟರನ್ನು ಯಾರೂ ತರಿಸಲಿಲ್ಲ. ಅದನ್ನು ತರಿಸಿ ಎಂದು ಆಕೆಗೆ ನಾನೂ ಹೇಳಲಿಲ್ಲ.

ಸೋಮವಾರ ಕೋರ್ಟಿಗೆ ಹೋಟೆಲಿನ ವಕೀಲರು ಎಲ್ಲರ ಪರವಾಗಿ ಬಂದರು. ನಾಲ್ವರು ತಪ್ಪೊಪ್ಪಿಕೊಂಡು ದಂಡ ಕಟ್ಟಿದರು. ಆರೋಗ್ಯಮ್ಮ ಒಪ್ಪಲಿಲ್ಲ. ಒಪ್ಪಿಕೊಂಡು ಮುಗಿಸಿಬಿಡಮ್ಮಾ ಎಂದು ವಕೀಲರು ತಮಿಳಿನಲ್ಲಿ ಗದರಿದರು. ಒಪ್ಪಿದರೆ ಶಿಕ್ಷೆಯಾದ ಹೆಂಗಸಾಗುತ್ತೇನೆ, ಅಂಥವಳನ್ನು ಯಾವ ಶಾಲೆ ಇಟ್ಟುಕೊಳ್ಳುತ್ತದೆ ಎಂದು ಆಕೆ ಅದೇ ತಮಿಳಿನಲ್ಲಿ ಕೇಳಿದರು. ಹೋಟೆಲಿನವರು ಆಕೆಗೆ ಕೊಟ್ಟಿದ್ದ ವಕೀಲರ ನೆರವನ್ನು ಅಲ್ಲಿಗೇ ನಿಲ್ಲಿಸಿದರು. ಮ್ಯಾಜಿಸ್ಟ್ರೇಟರು ಆಕೆಯನ್ನು ಮುಚ್ಚಳಿಕೆಯ ಮೇಲೆ ಬಿಟ್ಟು ವಿಚಾರಣೆಗೆ ದಿನ ಕೊಟ್ಟರು. ಆ ದಿನ ಮುಂದೆ ಹೋಗುತ್ತಾ ಹೋಗುತ್ತಾ ಹನ್ನೊಂದು ತಿಂಗಳಾಯಿತು.

ಶಾಲೆಗೆ ಹೇಗೋ ತಿಳಿಯಿತು. ಕೇಸು ಮುಗಿದು ಬಿಡುಗಡೆಯಾದರೆ ತೆಗೆದುಕೊಳ್ಳುತ್ತೇವೆ, ಅಲ್ಲಿಯವರೆಗೆ ಬರಬೇಡಿ ಎಂದು ಕಾಗದ ಕೊಟ್ಟರು. ಆಕೆ ಆ ಕಾಗದವನ್ನು ಠಾಣೆಗೆ ತಂದು ನನ್ನ ಮೇಜಿನ ಮೇಲಿಟ್ಟರು. ನಾನು ಓದಿದೆ. ಬಿಡುಗಡೆಯಾದರೆ ಎಂಬ ಮಾತಿನ ಕೆಳಗೆ ಆಕೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು.

"ಸಾರ್, ನಂಗೋಸ್ಕರ ಸುಳ್ಳು ಹೇಳಿ ಅಂತ ಕೇಳ್ತಿಲ್ಲ. ಇನ್‌ಸ್ಪೆಕ್ಟ್ರು ಬ್ಯಾಗಿಂದ ತೆಗೆದಾಗ್ಲೇ ಆ ಪೇಪರ್ ತುಂಬಾ ಬರೆದಿತ್ತು. ನಾನ್ ನೋಡ್ದೆ. ಮುಂಚೇನೇ ಬರೆದಿದ್ದೆ ಅಂತ ಅಷ್ಟು ಹೇಳಿ, ಸಾಕು."

ನೋಡೋಣ ಎಂದೆ. ಇನ್ನೂ ಎರಡು ಸಲ ಬಂದರು. ಎರಡು ಸಲವೂ ನೋಡೋಣ ಎಂದೆ.

ಆ ಹನ್ನೊಂದು ತಿಂಗಳಲ್ಲಿ ದಂಡಿನ ಮುಖ ಬದಲಾಯಿತು. ಮಹಡಿ ಹೋಟೆಲು ಕಟ್ಟೆಯನ್ನು ಒಡೆದು ಅಲ್ಲಿ ಊಟದ ಮೇಜು ಹಾಕಿತು, ಆಮೇಲೆ ಬಾಗಿಲನ್ನೇ ಹಾಕಿತು. ಡ್ರಮ್ಸ್ ಬಾರಿಸುತ್ತಿದ್ದವನು ಮದುವೆಯ ಬ್ಯಾಂಡಿಗೆ ಸೇರಿದ. ಕೆಂಪು ಕೋಟು ಹಾಕಿಕೊಂಡು ಬಿಸಿಲಿನಲ್ಲಿ ಹೋಗುತ್ತಿದ್ದುದನ್ನು ನೋಡಿದ್ದೇನೆ. ಅಕ್ಕಿ ಆರಿಸುತ್ತಿದ್ದ ಅಡಿಗೆಯವನು ಊರಿಗೆ ಹೋದ. ಬಾಗಿಲು ಕಾಯುತ್ತಿದ್ದವನು ಹಳೆಯ ಸಿಪಾಯಿ. ಅವನು ನಮ್ಮ ಠಾಣೆಗೇ ಕೆಲಸ ಕೇಳಿಕೊಂಡು ಬಂದಿದ್ದ. ಪೇಪರಿನವರು ಪೊಲೀಸರನ್ನು ಹೊಗಳಿ ಬರೆದರು. ಇನ್‌ಸ್ಪೆಕ್ಟರು ಅದನ್ನು ಕತ್ತರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು.

ಆದರೆ ಕುಣಿತ ನಿಲ್ಲಲಿಲ್ಲ. ಇಂದಿರಾನಗರದಲ್ಲಿ ಆಗ ಸೈಟುಗಳೇ ಹೆಚ್ಚು, ಮನೆಗಳು ಅಲ್ಲೊಂದು ಇಲ್ಲೊಂದು. ಅಂಥ ಒಂಟಿ ಮನೆಗಳಿಗೆ ಕಾರುಗಳು ಹೋಗತೊಡಗಿದವು. ಅಲ್ಲಿ ಲೈಸೆನ್ಸೂ ಇಲ್ಲ, ಪಟ್ಟಿಯೂ ಇಲ್ಲ. ಒಂದು ಬೆಳಿಗ್ಗೆ ಹಳೆಯ ಪಟ್ಟಿಯಲ್ಲಿ ನಾನು ಸಹಿ ಮಾಡಿಸಿಕೊಂಡಿದ್ದ ಒಬ್ಬಾಕೆ ಠಾಣೆಗೆ ಬಂದು ಬೆಂಚಿನ ಮೇಲೆ ಕೂತಳು. ಮುಂಗೈ ಊದಿಕೊಂಡಿತ್ತು, ತುಟಿ ಒಡೆದಿತ್ತು. ಯಾವ ಮನೆ ಎಂದು ಕೇಳಿದೆ. ಹೇಳಿದಳು. ಕಂಪ್ಲೇಂಟ್ ಬರೆಯಲೇ ಎಂದು ಕೇಳಿದೆ. "ಬರೆದ್ರೆ ನನ್ನೇ ಒಳಗೆ ಹಾಕ್ತೀರಲ್ಲಾ" ಎಂದಳು. ನೀರು ಕುಡಿದು ಎದ್ದು ಹೋದಳು. ಆ ದಿನದ ಡೈರಿಯಲ್ಲಿ 'ವಿಶೇಷವೇನೂ ಇಲ್ಲ' ಎಂದು ಬರೆದಿದ್ದೇನೆ.

ವಿಚಾರಣೆಯ ಹಿಂದಿನ ಸಂಜೆ ನನ್ನ ಹೆಂಡತಿ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು. ಆರೋಗ್ಯಮ್ಮನ ವಿಷಯ ಅವಳಿಗೆ ಗೊತ್ತಿತ್ತು, ನಾನೇ ಹೇಳಿದ್ದೆ.

"ನಾಳೆ ಏನ್ ಹೇಳ್ತೀರಾ?" ಎಂದಳು.

"ಬರೆದಿರೋದನ್ನ ಹೇಳ್ತೀನಿ."

ಅವಳು ಕಾಲರನ್ನು ಮತ್ತೊಮ್ಮೆ ಒತ್ತಿ, ಅಂಗಿಯನ್ನು ಮೊಳೆಗೆ ತಗುಲಿಹಾಕಿ ಒಳಗೆ ಹೋದಳು. ನಾವಿದ್ದುದು ಪೊಲೀಸ್ ಕ್ವಾರ್ಟರ್ಸಿನಲ್ಲಿ. ಮಹಜರನ್ನು ಮೊದಲೇ ಬರೆದೆನೆಂದು ಒಪ್ಪಿದರೆ ಇದೊಂದೇ ಕೇಸು ಬೀಳುವುದಿಲ್ಲ, ನಾನು ಬರೆದ ಎಲ್ಲವೂ ಬೀಳುತ್ತವೆ. ಇನ್‌ಸ್ಪೆಕ್ಟರ ಕೆಲಸ ಹೋಗುತ್ತದೆ, ನನ್ನದೂ ಹೋಗುತ್ತದೆ. ಮಕ್ಕಳಿಬ್ಬರೂ ಓದುತ್ತಿದ್ದರು. ಇವೆಲ್ಲವೂ ನಿಜವೇ. ಆಗಲೂ ನಿಜ, ಈಗಲೂ ನಿಜ.

ಮರುದಿನ ಇನ್‌ಸ್ಪೆಕ್ಟರು ಸಾಕ್ಷಿ ಹೇಳಿದರು. ಬಾಷಾ ಸಹಿ ತನ್ನದೇ ಎಂದು ಹೇಳಿ ಅಂಗಡಿಗೆ ಓಡಿದ. ಆಮೇಲೆ ನಾನು ಕಟಕಟೆ ಹತ್ತಿದೆ. ಮಹಜರು ಸ್ಥಳದಲ್ಲೇ ಬರೆದದ್ದು, ಅಕ್ಷರ ನನ್ನದು ಎಂದೆ. ಆರೋಪಿಗೆ ವಕೀಲರಿಲ್ಲದ್ದರಿಂದ ಮ್ಯಾಜಿಸ್ಟ್ರೇಟರು, ಈ ಸಾಕ್ಷಿಯನ್ನು ಏನಾದರೂ ಕೇಳುವುದಿದೆಯೇನಮ್ಮ ಎಂದು ಆಕೆಯನ್ನೇ ಕೇಳಿದರು.

ಮುಂಚೆಯೇ ಬರೆದದ್ದಲ್ಲವೇ ಎಂದು ಕೇಳುತ್ತಾರೆ ಎಂದುಕೊಂಡಿದ್ದೆ. ಅದಕ್ಕೆ ಅಲ್ಲ ಎಂಬ ಉತ್ತರವನ್ನು ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡು ಬಂದಿದ್ದೆ. ಆಕೆ ಅದನ್ನು ಕೇಳಲಿಲ್ಲ.

"ಅವತ್ತು ನಾನ್ ಏನ್ ಉಟ್ಟಿದ್ದೆ ಸಾರ್?"

ಕೋರ್ಟಿನಲ್ಲಿ ಯಾರೋ ಕೆಮ್ಮಿದರು. ನಾನು ಮ್ಯಾಜಿಸ್ಟ್ರೇಟರ ಕಡೆ ನೋಡಿ, "ಮಹಜರಿನಲ್ಲಿ ಬರೆದಿರುವಂತೆ, ಸ್ವಾಮಿ" ಎಂದೆ.

"ಮಹಜರು ಬೇಡ ಸಾರ್. ನೀವು ಕಣ್ಣಲ್ಲಿ ನೋಡಿದ್ದು ಹೇಳಿ."

ಬೂದು ಬಣ್ಣದ ನೂಲಿನ ಸೀರೆ. ಅಂಚಿನಲ್ಲಿ ಹಸಿರು ಗೆರೆ ಎರಡು. ಬಿಳಿ ರವಿಕೆ, ಮೊಣಕೈವರೆಗಿನ ತೋಳು. ಎಡತೋಳಿನ ಮೇಲೆ ಚುಚ್ಚಿಕೊಂಡ ಸೂಜಿಯಲ್ಲಿ ಕೆಂಪು ದಾರ ಇನ್ನೂ ಇತ್ತು. ಕಾಲಿನಲ್ಲಿ ಕಪ್ಪು ಚಪ್ಪಲಿ, ಒಂದರ ಪಟ್ಟಿಗೆ ಹೊಲಿಗೆ ಹಾಕಿತ್ತು. ಕಟಕಟೆಯಲ್ಲಿ ನಿಂತಾಗಲೂ ಇದೆಲ್ಲ ನನಗೆ ಈಗಿನಷ್ಟೇ ಸ್ಪಷ್ಟವಾಗಿ ನೆನಪಿತ್ತು.

"ನೆನಪಿಲ್ಲ" ಎಂದೆ.

ಮ್ಯಾಜಿಸ್ಟ್ರೇಟರು ಅದನ್ನು ಬರೆದುಕೊಂಡರು. ಮತ್ತೇನಾದರೂ ಇದೆಯೇ ಎಂದು ಕೇಳಿದರು. ಆಕೆ ಇಲ್ಲವೆಂದು ತಲೆಯಾಡಿಸಿದರು. ಸಣ್ಣ ದಂಡವಾಯಿತು. ಅಂದೇ ಕಟ್ಟಿ ಹೋದರು. ಶಾಲೆಯವರು ಮಾತಿಗೆ ತಪ್ಪಲಿಲ್ಲ; ಬಿಡುಗಡೆಯಾಗಿರಲಿಲ್ಲವಾದ್ದರಿಂದ ತೆಗೆದುಕೊಳ್ಳಲಿಲ್ಲ.

ಆಮೇಲೆ ಬಂದ ಒಬ್ಬ ಇನ್‌ಸ್ಪೆಕ್ಟರು ರೈಟರನ್ನು ಸ್ಥಳಕ್ಕೆ ಕರೆದುಕೊಂಡೇ ಹೋಗಬೇಕೆಂದು ನಿಯಮ ಮಾಡಿದರು. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ, ಮೊಣಕಾಲಿನ ಮೇಲೆ ಹಲಗೆ ಇಟ್ಟುಕೊಂಡು, ಕಂಡಷ್ಟನ್ನೇ ಬರೆದೆ. ಅಕ್ಷರ ಕೆಟ್ಟಿತು. ಕೆಲವು ಕೇಸು ಬಿದ್ದವು, ಕೆಲವು ನಿಂತವು. ಆಗದ ಮಾತು ಎಂದು ನಾವು ಅಷ್ಟು ವರ್ಷ ಹೇಳಿಕೊಂಡು ಬಂದದ್ದು ಒಂದು ವಾರದಲ್ಲಿ ರೂಢಿಯಾಯಿತು.

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನನ್ನು ಊರಿನ ಪೂರ್ವದ ಕಡೆಯ ಠಾಣೆಗೆ ವರ್ಗ ಮಾಡಿದ್ದರು. ಒಂದು ವಿಳಾಸದ ವಿಚಾರಣೆಗೆಂದು ಬೆಳಿಗ್ಗೆ ಕಮ್ಮನಹಳ್ಳಿಗೆ ಹೋದೆ. ಆಗ ಅಲ್ಲಿ ಹೊಲಗಳ ನಡುವೆ ಮನೆಗಳು ಏಳುತ್ತಿದ್ದವು. ಹೆಂಚಿನ ಮನೆಯೊಂದರ ಜಗಲಿಯಲ್ಲಿ ಹೊಲಿಗೆ ಮಿಷನ್ ಇತ್ತು. ಅದರ ಹಿಂದೆ ಆರೋಗ್ಯಮ್ಮ ಕೂತಿದ್ದರು. ಕನ್ನಡಕ ಬಂದಿತ್ತು. ನನ್ನನ್ನು ನೋಡಿದರು, ಗುರುತು ಸಿಕ್ಕಿತು. ಹೊಲಿಗೆ ಮುಂದುವರಿಸಿದರು.

ವಿಳಾಸ ಕೇಳಿದೆ. ಎರಡು ಮನೆ ಆಚೆ ಎಂದು ತೋರಿಸಿದರು. ನಾನು ಹೋಗದೆ ನಿಂತೆ. ಶಾಲೆಗೆ ಒಂದು ಕಾಗದ ಬರೆದುಕೊಡಲೇ, ಈಗಲಾದರೂ, ಎಂದು ಕೇಳಿದೆ. ಆ ಹೆಡ್‌ಮಿಸ್ಟ್ರೆಸ್ ತೀರಿಕೊಂಡರು, ಹೊಲಿಗೆ ಕ್ಲಾಸೂ ತೆಗೆದುಬಿಟ್ಟರು ಎಂದರು, ಹೊಲಿಗೆ ನಿಲ್ಲಿಸದೆಯೇ.

ಆಗ ನಾನು ಹೇಳಿದೆ. ಬೂದು ಬಣ್ಣದ ಸೀರೆ, ಎರಡು ಹಸಿರು ಗೆರೆ, ತೋಳಿನ ಮೇಲೆ ಸೂಜಿ, ಎಲ್ಲವನ್ನೂ. ಕೋರ್ಟಿನಲ್ಲಿ ಹೇಳಬೇಕಾಗಿದ್ದ ಅದೇ ಕ್ರಮದಲ್ಲಿ, ಯೂನಿಫಾರ್ಮಿನಲ್ಲಿ, ಟೋಪಿ ಕೈಯಲ್ಲಿ ಹಿಡಿದು ಹೇಳಿದೆ.

ಆರೋಗ್ಯಮ್ಮ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು.

"ನಿಮ್ಗೆ ನೆನಪಿದೆ ಅಂತ ನಂಗೆ ಗೊತ್ತಿತ್ತು ಸಾರ್" ಎಂದರು. "ಗೊತ್ತಿಲ್ದೆ ಕೇಳ್ಲಿಲ್ಲ ನಾನು."

ದಾರ ತುಂಡಾಗಿತ್ತು. ಕೊನೆಯನ್ನು ಬಾಯಿಯಲ್ಲಿ ಒದ್ದೆಮಾಡಿ ಸೂಜಿಯ ಕಣ್ಣಿಗೆ ಹಿಡಿದರು, ಹೋಗಲಿಲ್ಲ. ಇನ್ನೊಮ್ಮೆ ಹಿಡಿದರು. ಆಮೇಲೆ ತಲೆ ಎತ್ತದೆ, ಬೆಳಕಿಗೆ ಅಡ್ಡ ನಿಂತಿದ್ದೀರಿ, ಸ್ವಲ್ಪ ಸರಿಯಿರಿ ಎಂದರು. ನಾನು ಸರಿದೆ.